ತಲೆಮಾರುಗಳೂ ಮೈಯೆತ್ತರವೂ



ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಯಾವ ಹಳ್ಳಿಯ ಕಟ್ಟೆಯ ಮೇಲೆ ಕುಳಿತರೂ ವೃದ್ಧರ ಬಾಯಿಂದ ಒಂದು ಮಾತನ್ನು ಕೇಳಬಹುದು: ‘ನಮ್ಮ ಮುತ್ತಜ್ಜ ಆರಡಿಯ ಆಳು; ಈಗಿನವರು ಕುಳ್ಳರು.’ ಅದೇ ಊರಿನ ಹಳೆಯ ವಾಡೆಯ ಬಾಗಿಲಿಗೆ ಹಣೆ ತಾಕಿಸಿಕೊಂಡ ತರುಣನಾದರೋ ಹಿರಿಯರೇ ಕುಳ್ಳರಾಗಿದ್ದರೆಂದು ನಿರ್ಣಯಿಸುವನು. ಇವೆರಡೂ ಸಾಕ್ಷ್ಯಗಳಲ್ಲ. ಬಾಗಿಲನ್ನು ಕಳ್ಳಕಾಕರ ಭಯದಿಂದಲೂ ತಗ್ಗಿಸಿ ಕಟ್ಟುವುದುಂಟು. ಊರವರ ನೆನಪಿನಲ್ಲಿ ಉಳಿಯುವವನು ಎತ್ತರದವನೇ ಹೊರತು ಸಾಧಾರಣದವನಲ್ಲ.

ಅಳತೆಗಳು ಹೇಳುವುದೇ ಬೇರೆ. 1896ರಲ್ಲಿ ಹುಟ್ಟಿದವರನ್ನೂ 1996ರಲ್ಲಿ ಹುಟ್ಟಿದವರನ್ನೂ ಹೋಲಿಸಿ 2016ರಲ್ಲಿ ಪ್ರಕಟವಾದ ಲೋಕವ್ಯಾಪಕ ಗಣನೆಯೊಂದರಂತೆ, ದಕ್ಷಿಣ ಕೊರಿಯಾದ ಸ್ತ್ರೀಯರು ಸರಾಸರಿ 20 ಸೆಂಟಿಮೀಟರುಗಳಷ್ಟು ಬೆಳೆದರು. ಭಾರತದ ಸ್ತ್ರೀಯರು ಬೆಳೆದದ್ದು ಸುಮಾರು 5, ಪುರುಷರು ಸುಮಾರು 3 ಮಾತ್ರ. ಅಷ್ಟೇ ಅಲ್ಲ, 2005-06 ಮತ್ತು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ನಡುವೆ, 15ರಿಂದ 25 ವಯಸ್ಸಿನ ನಮ್ಮ ಗಂಡಸರ ಸರಾಸರಿ ಎತ್ತರವು ಒಂದು ಸೆಂಟಿಮೀಟರಿನಷ್ಟು ಕುಗ್ಗಿತು. ಏರುವುದೇ ಎತ್ತರದ ಧರ್ಮವೆಂದು ತಿಳಿದವರಿಗೆ ಇದು ಆಶ್ಚರ್ಯವಾದೀತು.

ಕಾರಣವೇನು? ಒಂದೇ ಹಗೆಯಿಂದ ತೆಗೆದ ಮಾಲದಂಡಿ ಜೋಳವನ್ನು ಭೀಮಾತೀರದ ಎರೆಯಲ್ಲಿಯೂ ಕಲ್ಲುಮರಡಿಯ ತೆಳುನೆಲದಲ್ಲಿಯೂ ಬಿತ್ತಿರಿ. ಒಂದು ಹೊಲದೊಳಗಿನ ದಂಟು ದಂಟಿನ ಅಂತರವು ಬಹುಮಟ್ಟಿಗೆ ಬೀಜದ್ದು. ಹೊಲ ಹೊಲಗಳ ಅಂತರವು ನೆಲದ್ದು, ನೀರಿನದು. ಅಣ್ಣತಮ್ಮಂದಿರಲ್ಲಿ ಒಬ್ಬನು ಎತ್ತರನಾಗುವುದು ವಂಶದ ಬೀಜದಿಂದ. ಆದರೆ ಮೂರು ನಾಲ್ಕು ತಲೆಮಾರುಗಳಲ್ಲಿ ವಂಶದ ಬೀಜವು ಅಷ್ಟು ಬದಲಾಗಲಾರದು. ಬದಲಾಗುವುದು ಅನ್ನ, ನೀರು, ರೋಗ, ತಾಯಿಯ ಮೈ.

ನೀಳವಾದ ಎಲುಬುಗಳ ತುದಿಯಲ್ಲಿರುವ ಮೆದು ಪದರವು ಬೆಳೆದು ಎಲುಬಾಗುತ್ತ ಹೋಗುವುದು. ಹದಿಹರೆಯದ ಕೊನೆಗೆ ಅದು ಮುಚ್ಚಿದ ಮೇಲೆ ಯಾವ ಔಷಧದಿಂದಲೂ ಎತ್ತರ ಬಾರದು. ಗರ್ಭಧಾರಣೆ ಮೊದಲುಗೊಂಡು ಎರಡು ವರ್ಷದವರೆಗಿನ ಸಾವಿರ ದಿನಗಳೇ ಇದರಲ್ಲಿ ಪ್ರಧಾನ. ಆಗ ಕೂಸಿಗೆ ಮೇಲಿಂದ ಮೇಲೆ ಭೇದಿಯಾದರೆ ಉಂಡ ಅನ್ನವೂ ಕರುಳಿನಲ್ಲಿ ಹತ್ತದು. ಜ್ವರದೊಡನೆ ಹೋರಾಡುವ ದೇಹವು ಬೆಳವಣಿಗೆಯನ್ನು ಮುಂದಕ್ಕೆ ತಳ್ಳುವುದು. ಬೆಳೆಯುವ ವಯಸ್ಸಿನಲ್ಲಿಯೇ ಬಸುರಾದ ಹುಡುಗಿಯ ಮೈಯಲ್ಲಿ ತನಗೂ ಮಗುವಿಗೂ ಸಾಲುವಷ್ಟು ಇರದು. ಕುಳ್ಳ ತಾಯಿಗೆ ಸಣ್ಣ ಕೂಸು. ಆ ಕೂಸು ಹೆಣ್ಣಾದರೆ ಮುಂದೆ ಅವಳೂ ಕುಳ್ಳ ತಾಯಿ. ಹಳೆಯ ಬರಗಾಲದ ಸಾಲವನ್ನು ಮೊಮ್ಮಗಳು ತೀರಿಸುವ ರೀತಿಯಿದು.

ನಮ್ಮ ಸೀಮೆಯ ಅಡುಗೆಯನ್ನು ಹಳಿಯುವಂತಿಲ್ಲ. ಜೋಳದಲ್ಲಿ ಲೈಸಿನ್ ಎಂಬ ಸತ್ತ್ವವು ಕಡಮೆ. ತೊಗರಿಯಲ್ಲಿ ಅದು ಧಾರಾಳ. ರೊಟ್ಟಿಯನ್ನು ಬೇಳೆಯಲ್ಲಿ ಅದ್ದಿದ ಅಜ್ಜಿಯು ರಸಾಯನಶಾಸ್ತ್ರವನ್ನು ಓದಿರಲಿಲ್ಲ, ಆದರೂ ತಪ್ಪಲಿಲ್ಲ. ಕಷ್ಟವಿರುವುದು ಬೇರೆಡೆ: ಬೆಳೆದ ತೊಗರಿ ಮಾರುಕಟ್ಟೆಗೆ ಹೋಗಿ, ಬೆಳೆದವನ ಮಗುವಿನ ತಾಟಿಗೆ ರೊಟ್ಟಿಯೂ ಖಾರವೂ ಉಳಿಯುವುದುಂಟು. ಸುಗ್ಗಿ ಮುಗಿದೊಡನೆ ಮುಂಬಯಿ, ಪುಣೆಗಳಿಗೆ ಗುಳೆ ಹೋದ ಮನೆಯ ಕೂಸಿಗೆ ಅಂಗನವಾಡಿಯೂ ತಪ್ಪುವುದು.

2002ರ ಜೂನಿನಲ್ಲಿ ಅಕ್ಷರ ದಾಸೋಹವು ಮೊದಲಾದದ್ದು ಆಗಿನ ಗುಲಬರ್ಗಾ ಸೇರಿದ ಈಶಾನ್ಯದ ಏಳು ಜಿಲ್ಲೆಗಳಲ್ಲಿ. 2013ರಲ್ಲಿ ಹಾಲೂ ಬಂದಿತು. 2021ರ ಡಿಸೆಂಬರಿನಲ್ಲಿ ಕಲಬುರಗಿಯ ಕಡೆಯ ಶಾಲೆಗಳಿಗೆ ಮೊಟ್ಟೆ ಬಂದಾಗ ಕೆಲವು ಮಠಾಧೀಶರು ವಿರೋಧಿಸಿದರು. ಒಲ್ಲದವರಿಗೆ ಬಾಳೆಹಣ್ಣು ಇದ್ದೇ ಇದ್ದಿತು. ಆರು ವರ್ಷದ ಮಗುವಿಗೆ ಬಡಿಸಿದ ಊಟವು ಸಾವಿರ ದಿನಗಳು ಕಳೆದ ಮೇಲಿನದೆಂದು ಆಕ್ಷೇಪಿಸಬಹುದು, ಮತ್ತು ಅದು ನಿಜ. ಆದರೆ 2021ರಲ್ಲಿ ಪ್ರಕಟವಾದ, ಇಡೀ ದೇಶಕ್ಕೆ ಸಂಬಂಧಿಸಿದ ಸಂಶೋಧನೆಯೊಂದು, ಬಾಲ್ಯದಲ್ಲಿ ಶಾಲೆಯೂಟವನ್ನುಂಡ ಹುಡುಗಿಯರು ತಾಯಂದಿರಾದಾಗ ಅವರ ಮಕ್ಕಳು ವಯಸ್ಸಿಗೆ ತಕ್ಕ ಎತ್ತರಕ್ಕೆ ಹೆಚ್ಚು ಸಮೀಪವಾಗಿದ್ದುದನ್ನು ಕಂಡಿತು. 2002ರಲ್ಲಿ ಜೇವರ್ಗಿಯ ಕಡೆಯ ಶಾಲೆಯ ಪಡಸಾಲೆಯಲ್ಲಿ ತಾಟು ಹಿಡಿದು ಸಾಲಾಗಿ ಕುಳಿತ ಒಂದನೆಯ ತರಗತಿಯ ಹುಡುಗಿಯರಿಗೆ ಈಗ ಮೂವತ್ತರ ಆಸುಪಾಸು. ಅಂಗನವಾಡಿಯ ಅಳತೆಗೋಲಿನ ಕೆಳಗೆ ನಿಲ್ಲುತ್ತಿರುವವರು ಅವರ ಮಕ್ಕಳು.