ಬಡಾವಣೆಯ ಮನೆ ಬೆಲೆ: ಕಾಗದದಲ್ಲಿ ಒಂದು, ಕೈಯಲ್ಲಿ ಇನ್ನೊಂದು

ಬೆಂಗಳೂರು: ಜಯನಗರದಲ್ಲಿ ಚದರ ಅಡಿಗೆ ಇಷ್ಟು, ವೈಟ್‌ಫೀಲ್ಡ್‌ನಲ್ಲಿ ಅಷ್ಟು, ಯಲಹಂಕದಲ್ಲಿ ಮತ್ತಷ್ಟು ಎಂಬ ಬೆಲೆಪಟ್ಟಿಗಳಿಗೆ ರಾಜಧಾನಿಯಲ್ಲಿ ಬರವಿಲ್ಲ. ಮನೆ ಕೊಳ್ಳಲು ಹೊರಟವರು ಮೊದಲು ನೋಡುವುದೂ ಅವನ್ನೇ. ಆದರೆ ಜಾಹೀರಾತುಗಳನ್ನು ಕಲೆಹಾಕಿ ಸಿದ್ಧಪಡಿಸಿದ ಪಟ್ಟಿಯಲ್ಲಿರುವುದು ಮಾರುವವರು ಕೇಳಿದ ಬೆಲೆ; ಕೊಂಡವರು ತೆತ್ತ ಬೆಲೆಯಲ್ಲ. ತೆತ್ತ ಬೆಲೆ ದಾಖಲಾಗಬೇಕಾದ ಜಾಗ ಉಪ ನೋಂದಣಾಧಿಕಾರಿ ಕಚೇರಿಯ ಕ್ರಯಪತ್ರ. ತೊಡಕು ಆರಂಭವಾಗುವುದೂ ಅಲ್ಲಿಂದಲೇ.

ಪ್ರತಿ ಬಡಾವಣೆಗೆ, ಎಷ್ಟೋ ಕಡೆ ಪ್ರತಿ ರಸ್ತೆಗೆ, ನೋಂದಣಿ ಮತ್ತು ಮುದ್ರಾಂಕ ಇಲಾಖೆ ಮಾರ್ಗಸೂಚಿ ದರವನ್ನು ನಿಗದಿಪಡಿಸುತ್ತದೆ. ಕರಡು ದರ ಪ್ರಕಟಿಸಿ, ಆಕ್ಷೇಪಣೆ ಆಹ್ವಾನಿಸಿ, ನಂತರ ಅಂತಿಮಗೊಳಿಸುವುದು ಕ್ರಮ. ರಾಜ್ಯದಾದ್ಯಂತ ಈ ದರ 2023ರ ಅಕ್ಟೋಬರ್ 1ರಂದು ಸರಾಸರಿ ಶೇ 30ರಷ್ಟು ಏರಿತು. ಅದಕ್ಕೂ ಹಿಂದಿನ ಪರಿಷ್ಕರಣೆ ನಡೆದು ಸುಮಾರು ಐದು ವರ್ಷ ಕಳೆದಿತ್ತು. ಆ ಐದು ವರ್ಷ ಮಾರುಕಟ್ಟೆಯೇನೂ ಸರ್ಕಾರಕ್ಕಾಗಿ ಕಾದು ಕುಳಿತಿರಲಿಲ್ಲ. ಮೆಟ್ರೊ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೆ ಪೂರ್ಣವಾಗಿ ತೆರೆದದ್ದು 2023ರ ಅಕ್ಟೋಬರ್‌ನಲ್ಲಿ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ. ಕಂಬಗಳು ಮೇಲೆದ್ದಾಗಲೇ ಆಸುಪಾಸಿನ ಮಾಲೀಕರು ದರ ಏರಿಸುತ್ತಾರೆ. ಸರ್ಕಾರದ ಪಟ್ಟಿ ಅದನ್ನು ಹಿಂಬಾಲಿಸುತ್ತದೆ.

ಹೀಗೆ ಮಾರ್ಗಸೂಚಿ ದರ ಮಾರುಕಟ್ಟೆಗಿಂತ ಕೆಳಗೆ ಉಳಿದ ಬಡಾವಣೆಗಳಲ್ಲಿ ಹಳೆಯ ರೂಢಿಯೊಂದಿದೆ. ಕ್ರಯಪತ್ರದಲ್ಲಿ ಮಾರ್ಗಸೂಚಿ ದರವನ್ನಷ್ಟೇ ಕಾಣಿಸಿ, ಉಳಿದದ್ದನ್ನು ನಗದಾಗಿ ಕೊಡುವುದು. "ಎಲ್ಲರೂ ಮಾಡುವುದೇ" ಎಂಬ ಸಮಾಧಾನವೂ ಇದರ ಜೊತೆಗೇ ಬರುತ್ತದೆ.

<b>ಲಾಭವೆಷ್ಟು, ನಷ್ಟವೆಷ್ಟು?</b>

ಉದಾಹರಣೆಗೆ, 1.20 ಕೋಟಿ ರೂಪಾಯಿಗೆ ಕುದುರಿದ ಮನೆಯೊಂದರ ಮಾರ್ಗಸೂಚಿ ಮೌಲ್ಯ 80 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. 80 ಲಕ್ಷಕ್ಕೆ ನೋಂದಾಯಿಸಿದರೆ ಶೇ 5ರ ಮುದ್ರಾಂಕ ಶುಲ್ಕ 4 ಲಕ್ಷ; ಅದರ ಮೇಲೆ ಉಪಕರ 40 ಸಾವಿರ, ಅಧಿಭಾರ 8 ಸಾವಿರ; ನೋಂದಣಿ ಶುಲ್ಕ 1.60 ಲಕ್ಷ. ಒಟ್ಟು 6.08 ಲಕ್ಷ ರೂಪಾಯಿ, ಅಂದರೆ ಶೇ 7.6. ಶೇ 1ರಷ್ಟಿದ್ದ ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ 2ಕ್ಕೆ ಏರಿಸಲಾಯಿತು. ಅಲ್ಲಿಯವರೆಗೆ ಒಟ್ಟು ಹೊರೆ ಶೇ 6.6 ಇತ್ತು.

ಮುಚ್ಚಿಟ್ಟ 40 ಲಕ್ಷದ ಮೇಲೆ ಕೊಳ್ಳುವವರಿಗೆ ಉಳಿಯುವುದು 3.04 ಲಕ್ಷ ರೂಪಾಯಿ. ಆದರೆ ಕಾಗದದಲ್ಲಿಲ್ಲದ ಆ ಹಣಕ್ಕೆ ಬ್ಯಾಂಕ್ ಸಾಲ ಸಿಗುವುದಿಲ್ಲ. ಅದನ್ನು ಹೇಗಾದರೂ ಹೊಂದಿಸಬೇಕು. ಮುಂದೆ ಅದೇ ಮನೆಯನ್ನು ಪೂರ್ಣ ಬೆಲೆ ತೋರಿಸಿ ಮಾರುವಾಗ ಖರೀದಿ ವೆಚ್ಚವೆಂದು ಲೆಕ್ಕಕ್ಕೆ ಬರುವುದು 80 ಲಕ್ಷ ಮಾತ್ರ. ಇಲ್ಲದ 40 ಲಕ್ಷ ಲಾಭಕ್ಕೆ ಶೇ 12.5ರ ದರದಲ್ಲಿ 5 ಲಕ್ಷ ರೂಪಾಯಿ ಬಂಡವಾಳ ಲಾಭ ತೆರಿಗೆ. ಮೂರು ಲಕ್ಷ ಉಳಿಸಿ ಐದು ಲಕ್ಷ ಕಟ್ಟುವ ಈ ವ್ಯಾಪಾರದಲ್ಲಿ ಗೆದ್ದವರು ಮಾರಿದವರು. ಅವರಿಗೂ ಅಪಾಯವಿಲ್ಲವೆಂದಲ್ಲ: ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆದರೆ ಅಷ್ಟೇ ಮೊತ್ತದ ದಂಡಕ್ಕೆ 2015ರಿಂದ ಅವಕಾಶವಿದೆ.

<b>ಬೆಲೆ ಬೀದಿಗೂ ಅಂಟುತ್ತದೆ</b>

ಕಡಿಮೆ ತೋರಿಸಿದ ಬೆಲೆ ಇಬ್ಬರ ನಡುವಿನ ಗುಟ್ಟಾಗಿ ಉಳಿಯುವುದಿಲ್ಲ ಎಂಬುದೇ ಹೆಚ್ಚು ಗಂಭೀರ ಸಂಗತಿ. ರಸ್ತೆ ಅಗಲೀಕರಣವೋ ಮತ್ತಾವುದೋ ಯೋಜನೆಯೋ ಬಂದು 2013ರ ಭೂಸ್ವಾಧೀನ ಕಾಯ್ದೆಯಡಿ ಪರಿಹಾರ ನಿಗದಿಯಾಗುವಾಗ ನೋಡುವುದು ಮುದ್ರಾಂಕ ಕಾಯ್ದೆಯಡಿಯ ದರವನ್ನು, ಇಲ್ಲವೇ ಹಿಂದಿನ ಮೂರು ವರ್ಷಗಳಲ್ಲಿ ಆಸುಪಾಸಿನಲ್ಲಿ ನೋಂದಣಿಯಾದ ಕ್ರಯಪತ್ರಗಳ ಸರಾಸರಿಯನ್ನು. ಸರಾಸರಿಗೆ ಹೆಚ್ಚು ಬೆಲೆಯ ಅರ್ಧದಷ್ಟು ಕ್ರಯಪತ್ರಗಳನ್ನು ಮಾತ್ರ ತೆಗೆದುಕೊಳ್ಳುತ್ತಾರೆ, ನಿಜ. ಆದರೆ ಇಡೀ ಬೀದಿಯೇ ಕಡಿಮೆ ಬರೆಸಿದ್ದರೆ ಆ ಮೇಲರ್ಧವೂ ಕಡಿಮೆಯೇ. ನಿಜ ಬೆಲೆ ಕೊಟ್ಟು ನಿಜವನ್ನೇ ಬರೆಸಿದ ಕುಟುಂಬವೂ ನೆರೆಯವರ ಸುಳ್ಳಿನ ಪಾಲನ್ನು ಹೊರಬೇಕಾಗಬಹುದು. ರಿಸರ್ವ್ ಬ್ಯಾಂಕ್ ಪ್ರಕಟಿಸುವ ಮನೆ ಬೆಲೆ ಸೂಚ್ಯಂಕಕ್ಕೂ ನೋಂದಣಿ ದಾಖಲೆಗಳೇ ಆಧಾರ.

ಇದರ ತಿರುವುಮುರುವೂ ಉಂಟು. ನಗರದಂಚಿನಲ್ಲಿ, ಚರಂಡಿ, ನೀರು ಇನ್ನೂ ತಲುಪದ ಕಡೆ ಮಾರ್ಗಸೂಚಿ ದರವೇ ನಿಜ ಬೆಲೆಯನ್ನು ಮೀರಬಹುದು. ಆಗ ಕೊಡದ ಹಣಕ್ಕೂ ಶುಲ್ಕ ಕಟ್ಟಬೇಕಾಗುತ್ತದೆ. ಎರಡರ ಅಂತರ ಶೇ 10ನ್ನು ಮೀರಿದರೆ ಆದಾಯ ತೆರಿಗೆ ಇಲಾಖೆ ಅದನ್ನು ಕೊಂಡವರ ಆದಾಯವೆಂದೇ ಪರಿಗಣಿಸಬಹುದು. ಮೌಲ್ಯದ ವಿವಾದವನ್ನು ಜಿಲ್ಲಾ ನೋಂದಣಾಧಿಕಾರಿಯವರೆಗೆ ಒಯ್ಯಲು ಕಾನೂನಿನಲ್ಲಿ ದಾರಿ ಇದೆಯಾದರೂ, ಗೃಹಪ್ರವೇಶದ ಮುಹೂರ್ತ ಗೊತ್ತಾದವರಿಗೆ ಅಷ್ಟು ತಾಳ್ಮೆ ಇರುವುದು ಅಪರೂಪ.

ಫ್ಲಾಟುಗಳ ಲೆಕ್ಕದಲ್ಲಿ ಇನ್ನೊಂದು ಮಸುಕು. 1,500 ಚದರ ಅಡಿ, ಅಡಿಗೆ 8,000 ರೂಪಾಯಿ ಎಂದು ಸಾರುವ ಜಾಹೀರಾತಿನ ವಿಸ್ತೀರ್ಣದಲ್ಲಿ ಮೆಟ್ಟಿಲು, ಲಿಫ್ಟು, ಪಡಸಾಲೆಗಳ ಪಾಲೂ ಸೇರಿರುತ್ತದೆ. ಒಳಗಿನ ಕಾರ್ಪೆಟ್ ವಿಸ್ತೀರ್ಣ 1,050 ಚದರ ಅಡಿ ಇದ್ದರೆ, ವಾಸಕ್ಕೆ ಸಿಗುವ ಪ್ರತಿ ಅಡಿಗೆ ಬೀಳುವುದು ಸುಮಾರು 11,430 ರೂಪಾಯಿ. 2017ರಲ್ಲಿ ಪೂರ್ಣವಾಗಿ ಜಾರಿಗೆ ಬಂದ ರೇರಾ ಕಾಯ್ದೆ ಕಾರ್ಪೆಟ್ ವಿಸ್ತೀರ್ಣವನ್ನು ಸ್ಪಷ್ಟವಾಗಿ ತಿಳಿಸುವಂತೆ ಬಿಲ್ಡರ್‌ಗಳಿಗೆ ಹೇಳುತ್ತದೆ. ಒಂದು ಫ್ಲಾಟಿನ ಸೂಪರ್ ಬಿಲ್ಟ್‌ಅಪ್ ದರವನ್ನು ಇನ್ನೊಂದರ ಕಾರ್ಪೆಟ್ ದರದ ಜೊತೆ ಹೋಲಿಸಿದರೆ ಯಾವ ಬಡಾವಣೆ ಅಗ್ಗ ಎಂಬ ಪ್ರಶ್ನೆಗೇ ಅರ್ಥವಿರುವುದಿಲ್ಲ.

ಹಾಗಾದರೆ ಕೊಳ್ಳುವವರು ನೋಡಬೇಕಾದುದೇನು? ಮಾರ್ಗಸೂಚಿ ದರ ಇಲಾಖೆಯ ಕಾವೇರಿ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಋಣಭಾರ ಪ್ರಮಾಣಪತ್ರವನ್ನೂ ಅಲ್ಲೇ ಶುಲ್ಕ ಕಟ್ಟಿ ಪಡೆಯಬಹುದು. ಆಸ್ತಿಯ ಮೇಲೆ ಸಾಲವಿದೆಯೇ ಎಂದು ತಿಳಿಯಲು ಬಳಸುವ ಈ ಪತ್ರ, ಅದು ಹಿಂದೆ ಯಾವಾಗ, ಎಷ್ಟಕ್ಕೆ ಕೈಬದಲಾಯಿತೆಂಬುದನ್ನೂ ಹೇಳುತ್ತದೆ. ಅದೇ ಬೀದಿಯ ಮೂರ್ನಾಲ್ಕು ಮನೆಗಳ ಪತ್ರ ತೆಗೆಸಿದರೆ ದಾಖಲೆಯ ಬೆಲೆ ಯಾವ ಮಟ್ಟದಲ್ಲಿದೆ ಎಂಬುದು ಗೊತ್ತಾಗುತ್ತದೆ. ಅವೆಲ್ಲವೂ ಆಯಾ ಕಾಲದ ಮಾರ್ಗಸೂಚಿ ದರಕ್ಕೇ ಬಂದು ನಿಂತಿದ್ದರೆ, ಬ್ರೋಕರ್ ಹೇಳುವ "ಇಲ್ಲಿನ ರೇಟು" ಯಾವ ಕಾಗದದಲ್ಲೂ ಇಲ್ಲವೆಂದೇ ತಿಳಿಯಬೇಕು.