ದಂಡಿನಲ್ಲಿ ಧರ್ಮ: ಹಕ್ಕು ಎಲ್ಲಿಯವರೆಗೆ?

ಹೂವಿನಹಡಗಲಿ ಸೀಮೆ 1800ರಲ್ಲಿ ನಿಜಾಮನಿಂದ ಕಂಪೆನಿ ಸರ್ಕಾರದ ಕೈಸೇರಿತು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಬೈಬಲಿನ ಕನ್ನಡ ಅನುವಾದಕ್ಕೆ ತೊಡಗಿದರು. ಊರಿನಲ್ಲಿ ಪಾದ್ರಿಯ ಮಾತನ್ನು ಜನ ಕೇಳಬಹುದು, ಬಿಡಬಹುದು. ದಂಡಿನಲ್ಲಿ ಹಾಗಲ್ಲ, ಅಲ್ಲಿ ಮೇಲಧಿಕಾರಿಯ ಮಾತೇ ಆಜ್ಞೆ.

ಇದರ ಅಪಾಯ ಕಂಪೆನಿಗೆ ಆಗಲೇ ಅರಿವಾಗಿತ್ತು. ಟಿಪ್ಪುವಿನ ಮಕ್ಕಳನ್ನು ಇರಿಸಿದ್ದ ವೆಲ್ಲೂರು ಕೋಟೆಯ ಸಿಪಾಯಿಗಳಿಗೆ 1806ರಲ್ಲಿ ಹಣೆಯ ನಾಮ ತೆಗೆದು, ಗಡ್ಡ ಬೋಳಿಸಿ, ಚರ್ಮದ ಕುಚ್ಚಿನ ಹೊಸ ಪೇಟ ತೊಡಲು ಆಜ್ಞೆಯಾಯಿತು. ಇದು ತಮ್ಮನ್ನು ಕ್ರೈಸ್ತರನ್ನಾಗಿಸುವ ಹುನ್ನಾರವೆಂದು ಅವರು ಶಂಕಿಸಿದರು. ಜುಲೈ 10ರಂದು ದಂಗೆಯೆದ್ದಿತು. ಮರುವರ್ಷ ಮದರಾಸಿನ ಗವರ್ನರ್ ಬೆಂಟಿಂಕ್ ಹುದ್ದೆ ಕಳೆದುಕೊಂಡ.

ನಮ್ಮ ಸಂವಿಧಾನದ 25ನೇ ವಿಧಿ ಧರ್ಮಪ್ರಸಾರದ ಹಕ್ಕನ್ನು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು 1977ರಲ್ಲಿ ಸುಪ್ರೀಂ ಕೋರ್ಟ್ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಸೈನಿಕರ ಮೂಲಭೂತ ಹಕ್ಕುಗಳಿಗೆ ಸಂಸತ್ತು ಮಿತಿ ಹಾಕಲು 33ನೇ ವಿಧಿ ಅವಕಾಶವಿತ್ತಿದೆ. ಅನ್ಯರ ಧಾರ್ಮಿಕ ಭಾವನೆಯನ್ನು ಬೇಕೆಂದೇ ನೋಯಿಸುವುದು 1950ರ ಸೇನಾ ಕಾಯ್ದೆಯಡಿ ಅಪರಾಧ.

ಮಿತಿ ಪ್ರಚಾರಕನಿಗಷ್ಟೇ ಅಲ್ಲ. ರೆಜಿಮೆಂಟಿನ ಗುಡಿಯ ಗರ್ಭಗೃಹ ಪ್ರವೇಶಿಸಲು ಒಪ್ಪದ ಕ್ರೈಸ್ತ ಅಧಿಕಾರಿಯೊಬ್ಬರ ವಜಾವನ್ನು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಎತ್ತಿಹಿಡಿಯಿತು. ಶಿಸ್ತು ಎಲ್ಲಿ ಮುಗಿದು ಅಂತಃಸಾಕ್ಷಿ ಎಲ್ಲಿ ಆರಂಭವಾಗುತ್ತದೆ ಎಂಬ ವೆಲ್ಲೂರಿನ ಪ್ರಶ್ನೆ ಇನ್ನೂ ಹಳತಾಗಿಲ್ಲ.