ಪರದೇಶಕ್ಕೆ ಹೊರಡುವ ಮುನ್ನ ಹಲ್ಲಿನ ಕಡೆಗೂ ಗಮನವಿರಲಿ



ಕಾಫಿ, ಅಡಿಕೆಯ ಪತ್ರಿಕೆಯಲ್ಲಿ ಹಲ್ಲಿನ ವಿಷಯವೇಕೆ ಎಂದು ಕೆಲವರು ಕೇಳಬಹುದು. ಮೂರ್ನಾಡಿನ ಸುತ್ತಮುತ್ತ ಮಗನೋ ಮಗಳೋ ದುಬೈ, ಕುವೈತ್, ಮಸ್ಕತ್, ಆಸ್ಟ್ರೇಲಿಯಾ ಎಂದು ದೂರದಲ್ಲಿರುವ ಮನೆಗಳು ಈಗ ಕಡಿಮೆಯಲ್ಲ. ಕೊಯ್ಲು ಮುಗಿಸಿ ಆರು ತಿಂಗಳು ಮಕ್ಕಳ ಬಳಿ ಇದ್ದು ಬರುವ ಹಿರಿಯ ಸದಸ್ಯರೂ ಇದ್ದಾರೆ. ಹೊರಡುವಾಗ ಪಾಸ್‌ಪೋರ್ಟು, ವೀಸಾ, ಉಪ್ಪಿನಕಾಯಿ, ಕಾಚಂಪುಳಿ ಎಲ್ಲವೂ ನೆನಪಾಗುತ್ತವೆ. ಹಲ್ಲು ಮಾತ್ರ ನೋವು ಬಂದ ಮೇಲೆಯೇ ನೆನಪಾಗುವುದು.

ನಮ್ಮ ಸದಸ್ಯರೊಬ್ಬರ ಮಗ ದವಡೆ ಹಲ್ಲಿನಲ್ಲಿ ಸಣ್ಣ ತೂತಿದ್ದಾಗಲೇ ಗಲ್ಫಿಗೆ ಹೋದ. ಅಲ್ಲಿ ನೋವು ಶುರುವಾದಾಗ ಖರ್ಚಿಗೆ ಹೆದರಿ ಎರಡು ತಿಂಗಳು ಮಾತ್ರೆ ನುಂಗಿಕೊಂಡೇ ಕಾಲ ತಳ್ಳಿದ. ಕೊನೆಗೆ ಕೆನ್ನೆ ಬಾತು, ಸಾಲ ಮಾಡಿ ಟಿಕೆಟು ತೆಗೆದು ಊರಿಗೆ ಬಂದ. ಹೊರಡುವ ಮೊದಲೇ ತುಂಬಿಸಿದ್ದರೆ ಅರ್ಧ ಗಂಟೆಯ ಕೆಲಸವಾಗಿದ್ದ ಹಲ್ಲನ್ನು ಕೀಳಿಸಬೇಕಾಯಿತು.

ಹೊರದೇಶದಲ್ಲಿ ಆಸ್ಪತ್ರೆಯ ವಿಮೆ ಇದೆ ಎಂದು ಧೈರ್ಯದಿಂದ ಇರುವವರು ಅದರ ಷರತ್ತುಗಳನ್ನು ಓದಿ ನೋಡಬೇಕು. ಗಲ್ಫಿನಲ್ಲಿ ಮಾಲೀಕರು ಕೊಡಿಸುವ ಕಡಿಮೆ ದರ್ಜೆಯ ವಿಮೆಯಲ್ಲಿ ಹಲ್ಲಿನ ಚಿಕಿತ್ಸೆ ಸಾಮಾನ್ಯವಾಗಿ ಸೇರಿರುವುದಿಲ್ಲ, ಸೇರಿದ್ದರೂ ತುರ್ತು ಸಂದರ್ಭಕ್ಕೆ ಮಾತ್ರ. ಆಸ್ಟ್ರೇಲಿಯಾದ ಸರ್ಕಾರಿ ಮೆಡಿಕೇರ್ ಯೋಜನೆಯೂ ದೊಡ್ಡವರ ಹಲ್ಲಿನ ಖರ್ಚನ್ನು ಸಾಮಾನ್ಯವಾಗಿ ವಹಿಸುವುದಿಲ್ಲ. ಪ್ರವಾಸಿ ವಿಮೆಯ ಕಥೆಯೂ ಹೆಚ್ಚು ಕಡಿಮೆ ಇದೇ.

ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವನ್ನು ನಾವೆಲ್ಲ ನೋಡಿದ್ದೇವೆ. ಹೊರಗೆ ಗಿಡ ಹಸಿರಾಗಿಯೇ ಇರುತ್ತದೆ, ಎಲೆ ಹಳದಿಯಾಗಿ ಬಾಡುವ ಹೊತ್ತಿಗೆ ಒಳಗೆ ಸುರಂಗವೇ ಆಗಿರುತ್ತದೆ. ಹಲ್ಲಿನ ಹುಳುಕೂ ಹಾಗೆಯೇ. (ಹುಳುಕೆಂದರೂ ಅಲ್ಲಿ ಹುಳುವಿಲ್ಲ. ಸಕ್ಕರೆಯನ್ನು ತಿಂದ ಸೂಕ್ಷ್ಮಜೀವಿಗಳು ಬಿಡುವ ಆಮ್ಲವೇ ಹಲ್ಲನ್ನು ಕರಗಿಸುವುದು.) ನೋವು ಬಂದಿತೆಂದರೆ ಹುಳುಕು ನರದ ಹತ್ತಿರ ಮುಟ್ಟಿದೆ ಎಂದೇ ಎಣಿಸಬೇಕು. ಇನ್ನೊಂದು ಸಂಗತಿ: ವಿಮಾನ ಮೇಲೇರಿದಾಗ ಒಳಗಿನ ಗಾಳಿಯ ಒತ್ತಡ ಇಳಿಯುತ್ತದೆ. ಹುಳುಕು ಹಲ್ಲಿನಲ್ಲಿಯೋ ಸರಿಯಾಗಿ ತುಂಬದ ಹಲ್ಲಿನಲ್ಲಿಯೋ ಸಿಕ್ಕಿಕೊಂಡ ಗಾಳಿ ಆಗ ಹಿಗ್ಗಿ, ನೆಲದ ಮೇಲೆ ಸುಮ್ಮನಿದ್ದ ಹಲ್ಲು ಆಕಾಶದಲ್ಲಿ ನೋಯಲು ತೊಡಗುವುದುಂಟು.

ನಮ್ಮ ಜಿಲ್ಲೆಯ ಮಾಜಿ ಸೈನಿಕರಿಗೆ ಈ ಪಾಠ ಹೊಸತಲ್ಲ. ಸೈನ್ಯಕ್ಕೆ ಸೇರುವಾಗ ಹಲ್ಲಿಗೂ ಅಂಕವುಂಟು. ಮೇಲೂ ಕೆಳಗೂ ಸರಿಯಾಗಿ ಕೂಡುವ ಹಲ್ಲುಗಳನ್ನು ಎಣಿಸಿ 22ರಲ್ಲಿ ಕನಿಷ್ಠ 14 ಅಂಕ ಬರಬೇಕು. ಗಡಿಯಲ್ಲಿ ಹಲ್ಲುನೋವು ಬಂದರೆ ಒಬ್ಬ ಜವಾನ ಕೆಲಸಕ್ಕಿಲ್ಲದಂತಾಗುತ್ತಾನೆ ಎಂಬುದನ್ನು ಸೈನ್ಯ ಬಲ್ಲದು. ಪರದೇಶದಲ್ಲಿ ಒಂಟಿಯಾಗಿ ದುಡಿಯುವ ಹುಡುಗನ ಸ್ಥಿತಿ ಅದಕ್ಕಿಂತ ಬೇರೆಯಲ್ಲ.

ಆದುದರಿಂದ ಟಿಕೆಟು ಮಾಡುವ ಮೊದಲೇ ದಂತ ವೈದ್ಯರನ್ನು ಕಾಣುವುದು ಒಳ್ಳೆಯದು. ವಿರಾಜಪೇಟೆಯಲ್ಲಿ 1999ರಲ್ಲಿ ಆರಂಭವಾದ ದಂತ ವೈದ್ಯಕೀಯ ಕಾಲೇಜು ಮೂರ್ನಾಡಿನಿಂದ ಒಂದು ಬಸ್ಸಿನ ದಾರಿ. ಎಷ್ಟು ಮುಂಚಿತವಾಗಿ ಹೋಗಬೇಕೆಂಬುದು ಕೆಲಸವನ್ನು ಅವಲಂಬಿಸಿದೆ. ತುಂಬಿಸುವುದು ಒಂದೇ ದಿನದ್ದು. ರೂಟ್ ಕೆನಾಲ್ ಎಂದು ಕರೆಯುವ ಬೇರಿನ ಚಿಕಿತ್ಸೆಗೆ ಎರಡು ಮೂರು ಸಲ ಕುಳಿತು, ಮೇಲೆ ಟೋಪಿ ಹಾಕಿಸಿಕೊಳ್ಳಲು ಮತ್ತೊಂದು ವಾರ ಬೇಕಾಗಬಹುದು. ಹಲ್ಲು ಕೀಳಿಸಿ ಕಟ್ಟಿಸುವ ಹಲ್ಲಿನ ಸೆಟ್ಟಿಗೆ ವಸಡು ಮಾಗಲು ತಿಂಗಳುಗಳೇ ಬೇಕು. ಮೂಳೆಗೆ ತಿರುಪು ಕೂರಿಸುವ ಇಂಪ್ಲಾಂಟಿಗೆ ಸಾಮಾನ್ಯವಾಗಿ 3ರಿಂದ 6 ತಿಂಗಳು. ರಜೆಯಲ್ಲಿ ಬಂದ ಮಕ್ಕಳು ಪುತ್ತರಿ, ಮದುವೆ, ನೆಂಟರ ಮನೆ ಎಂದು ಮೂರು ವಾರ ಓಡಾಡಿ, ಹೊರಡಲು ನಾಲ್ಕು ದಿನವಿರುವಾಗ ವೈದ್ಯರ ಬಾಗಿಲಿಗೆ ಹೋಗುತ್ತಾರೆ. ಮಳೆ ಹಿಡಿದ ಮೇಲೆ ಬೋರ್ಡೋ ದ್ರಾವಣ ಹೊಡೆಯಲು ಹೊರಟಂತೆ ಇದು. ಬಂದ ಮೊದಲ ವಾರದಲ್ಲೇ ತೋರಿಸಿದರೆ ರಜೆಯೊಳಗೆ ಕೆಲಸ ಮುಗಿದೀತು.

ಅಲ್ಲಿ ಹೋದ ಮೇಲೆ ಮಾಡಬೇಕಾದದ್ದು ಹೆಚ್ಚಿಲ್ಲ. ಗಲ್ಫಿನ ನಲ್ಲಿಯ ನೀರು ಹೆಚ್ಚಾಗಿ ಸಮುದ್ರದ ನೀರನ್ನು ಸಿಹಿಮಾಡಿದ್ದು, ಅದರಲ್ಲಿ ಫ್ಲೋರೈಡ್ ಬಹಳ ಕಡಿಮೆ. ಆದ್ದರಿಂದ ಫ್ಲೋರೈಡ್ ಇರುವ ಪೇಸ್ಟಿನಿಂದ ಎರಡು ಹೊತ್ತು ಉಜ್ಜಬೇಕು. ರಾತ್ರಿ ಪಾಳಿಯವರು ಮಲಗುವ ಮೊದಲು, ಅದು ಬೆಳಿಗ್ಗೆ ಎಂಟು ಗಂಟೆಯಾದರೂ ಸರಿಯೇ. ಇದ್ದಿಲು, ಇಟ್ಟಿಗೆ ಪುಡಿ ಬೇಡ. ಸೆಕೆಗೆಂದು ದಿನವಿಡೀ ಗುಟುಕು ಗುಟುಕಾಗಿ ಸಿಹಿ ಚಹಾ, ಸೋಡಾ ಕುಡಿಯುವುದೇ ಹಲ್ಲಿಗೆ ದೊಡ್ಡ ವೈರಿ. ಸಕ್ಕರೆ ಕಾಯಿಲೆಯವರ ವಸಡು ಬೇಗ ಕೆಡುತ್ತದೆ, ಅವರು ಇನ್ನಷ್ಟು ಜಾಗ್ರತೆಯಿಂದಿರಬೇಕು.

ಇನ್ನು ಹೇಳಲು ನಮ್ಮ ನಾಲಿಗೆಯೇ ತಡವರಿಸುವ ಮಾತು. ನಾವು ಅಡಿಕೆ ಬೆಳೆಗಾರರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು 2004ರಲ್ಲಿ ಪ್ರಕಟಿಸಿತು. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪಿಲ್ಲ, ವಾದ ನಡೆದೇ ಇದೆ. ವಾದ ಏನೇ ಇರಲಿ, ಅಡಿಕೆ ಅಗಿಯುವವರ ಬಾಯಿ ಕ್ರಮೇಣ ಬಿಗಿದುಕೊಳ್ಳುವ ಕಾಯಿಲೆಯನ್ನು ವೈದ್ಯರು ನಿತ್ಯ ನೋಡುತ್ತಿದ್ದಾರೆ. ಒಂಟಿತನಕ್ಕೋ ನಿದ್ದೆ ತಡೆಯಲೋ ಪೊಟ್ಟಣ ಹಿಡಿದ ಹುಡುಗರಲ್ಲಿ ಇದು ಬೇಗ ಬರುತ್ತದೆ. ಖಾರ ತಾಗಿದರೆ ಬಾಯಿ ಉರಿಯುವುದು, ಮೂರು ಬೆರಳನ್ನು ನೆಟ್ಟಗೆ ಜೋಡಿಸಿ ಬಾಯೊಳಗೆ ಇಡಲಾಗದಿರುವುದು, ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಇವು ಕಂಡರೆ ಊರಿಗೆ ಬರುವ ತನಕ ಕಾಯಬಾರದು. ಅಡಿಕೆಯ ಹೆಸರನ್ನೇ ಕೇಳದ ದೇಶದ ವೈದ್ಯರಿಗೆ ಇದರ ಪರಿಚಯ ಇಲ್ಲದಿರಬಹುದು. ಅಗಿಯುವ ಅಭ್ಯಾಸವನ್ನು ಮುಚ್ಚಿಡದೆ ತಾನಾಗಿ ಹೇಳಬೇಕು. ಗುಟ್ಕಾವನ್ನು ಕರ್ನಾಟಕದಲ್ಲಿ 2013ರಲ್ಲಿಯೇ ನಿಷೇಧಿಸಲಾಯಿತು. ಹೊರದೇಶಕ್ಕೆ ಅಂಥ ಪೊಟ್ಟಣ ಕೊಂಡೊಯ್ದು ಕಸ್ಟಮ್ಸಿನವರ ಕೈಗೆ ಸಿಕ್ಕಿಬೀಳುವುದು ಬೇರೆಯೇ ಆಪತ್ತು.

ಕೆನ್ನೆಯ ಬಾವು ಗಂಟಲಿನ ಕಡೆಗೆ ಇಳಿದು, ಜ್ವರ ಬಂದು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಖರ್ಚಿನ ಲೆಕ್ಕ ಬಿಟ್ಟು ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು, ಅದು ಜೀವಕ್ಕೇ ಅಪಾಯ. ನೋಯುವ ಹಲ್ಲಿನ ಪಕ್ಕ ಆಸ್ಪಿರಿನ್ ಮಾತ್ರೆ ಒತ್ತಿಟ್ಟರೆ ವಸಡು ಸುಡುತ್ತದೆ, ಬೇಡ. ಊರಿನಿಂದ ಮಾತ್ರೆ ಒಯ್ಯುವವರು ವೈದ್ಯರ ಚೀಟಿಯನ್ನೂ ಜೊತೆಗಿಡಬೇಕು. ಕೋಡೀನ್, ಟ್ರಮಡಾಲ್ ಇರುವ ನೋವಿನ ಮಾತ್ರೆಗಳ ಮೇಲೆ ಯುಎಇಯಲ್ಲಿ ಕಟ್ಟುನಿಟ್ಟಿನ ನಿರ್ಬಂಧವಿದೆ.

ಮಕ್ಕಳ ಮನೆಗೆ ಹೊರಡುವ ಹಿರಿಯರು ಹಲ್ಲಿನ ಎಕ್ಸ್‌ರೇಯ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಲಿ. ಕಟ್ಟಿಸಿದ ಹಲ್ಲಿನ ಸೆಟ್ಟು ಇರುವವರು ಹಳೆಯದನ್ನೂ ಎಸೆಯದೆ ಕೈಚೀಲದಲ್ಲಿ ಒಯ್ಯಲಿ. ಹೊಸದು ಬಿದ್ದು ಒಡೆದರೆ ಮರಳಿ ಬರುವವರೆಗೆ ಅದರಲ್ಲೇ ಕಡುಬು ತಿನ್ನಬಹುದು.